ನಳ ಬಂದ್ ಮಾಡು ಅಂದಿದ್ದೆ

ವಿಜಯಪುರದಲ್ಲಿ ಪೈಪ್ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷ ಆಯ್ತು. ಪಿವಿಸಿ, ಸಿಪಿವಿಸಿ, ಜಿಐ, ತಿರುವಿಗೆ ಹಾಕೋ ಎಲ್ಬೋ, ಕವಲಿಗೆ ಹಾಕೋ ಟೀ, ಬಾಲ್ ವಾಲ್ವ್, ಟಾಕಿ, ಏನು ಕೇಳಿದರೂ ಕತ್ತಲಲ್ಲೇ ಕೈ ಹಾಕಿ ತೆಗೆದುಕೊಡುತ್ತೇನೆ. ಪೈಪ್ ಯಾಕೆ ಒಡೆಯುತ್ತದೆ ಅನ್ನೋದೂ ಗೊತ್ತು ಅಂದುಕೊಂಡಿದ್ದೆ. ನಮ್ಮಲ್ಲಿ ಕಾರಣ ಮೂರೋ ನಾಲ್ಕೋ ಅಷ್ಟೇ. ಮಾಳಿಗೆ ಮೇಲೆ ವರ್ಷಗಟ್ಟಲೆ ಬಿಸಿಲು ತಿಂದ ಪಿವಿಸಿ ಚಟ್ ಅಂತ ಮುರಿಯುತ್ತದೆ. ರಸ್ತೆ ಅಗೆಯಲು ಜೆಸಿಬಿ ಬರುತ್ತದೆ. ಗಡಿಬಿಡಿಯಲ್ಲಿ ಸಲ್ಯೂಷನ್ ಹಚ್ಚಿದ ಜಾಯಿಂಟ್ ಬಿಡುತ್ತದೆ. ಇನ್ನು ಟಾಕಿ ಲೈನ್ ಹಿಡಿದು ಜೋಕಾಲಿ ಆಡುವ ಮಂಗಗಳು, ಅವಕ್ಕೆ ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ, ವ್ಯಾಪಾರ ಕೊಡೋ ಗಿರಾಕಿಗಳು ಅಲ್ವಾ.

ಚಳಿಗೆ ಪೈಪ್ ಒಡೆಯಿತು ಅಂತ ಯಾರಾದರೂ ಅಂಗಡಿಗೆ ಬಂದಿದ್ದರೆ ಚಹಾ ಕುಡಿಸಿ ನಕ್ಕು ಕಳಿಸುತ್ತಿದ್ದೆ. ನಮ್ಮೂರಲ್ಲಿ ಚಳಿ ಇಲ್ಲ ಅಂತಲ್ಲ. ಡಿಸೆಂಬರ್, ಜನವರಿಯಲ್ಲಿ ರಾತ್ರಿ ಹತ್ತು ಡಿಗ್ರಿಗಿಂತ ಕೆಳಗೆ ಇಳಿದದ್ದುಂಟು, ರಾಜ್ಯದಲ್ಲೇ ಜಾಸ್ತಿ ಚಳಿ ಅಂತ ಪೇಪರಿನಲ್ಲಿ ನಮ್ಮ ಹೆಸರು ಬಂದದ್ದೂ ಉಂಟು. ಆದರೆ ಆ ಚಳಿಗೆ ಗಟ್ಟಿಯಾಗುವುದು ಬಚ್ಚಲಲ್ಲಿಟ್ಟ ಕೊಬ್ಬರಿ ಎಣ್ಣೆ ಬಾಟಲಿ ಒಂದೇ.

2021ರ ಫೆಬ್ರವರಿ 16, ಮಂಗಳವಾರ. ರಾತ್ರಿ ಎಂಟೂವರೆ ಇರಬೇಕು. ಶಟರ್ ಎಳೆದು ಮನೆಗೆ ಬಂದು ಕೈಕಾಲು ತೊಳೆಯುತ್ತಿದ್ದೆ, ಅಕ್ಕನ ಮಗಳ ಫೋನ್ ಬಂತು. ಅವಳು, ಅವಳ ಗಂಡ, ಆಗ ಮೂರು ವರ್ಷದವನಿದ್ದ ಮಗ ಅಮೆರಿಕದ ಟೆಕ್ಸಸ್ ರಾಜ್ಯದ ಡಲ್ಲಾಸ್‌ನಲ್ಲಿ ಇದ್ದಾರೆ. ಅಲ್ಲಿ ಮನೆ ತಗೊಂಡಾಗ "ಮಾಮಾ, ಇಲ್ಲಿ ಥೇಟ್ ನಮ್ಮ ಬಿಜಾಪುರದ ಬಿಸಿಲು, ಸ್ವೆಟರ್ ಹೆಣದು ಕಳಸಬ್ಯಾಡ ಅಂತ ಅವ್ವಗ ಹೇಳ್ರಿ" ಅಂದಿದ್ದಳು. ಆ ದಿನ ಫೋನಿನಲ್ಲಿ ಅವಳ ಹಲ್ಲು ಕಟಕಟ ಅನ್ನೋದು ನನಗೆ ಇಲ್ಲಿ ಕೇಳಿಸುತ್ತಿತ್ತು.

"ಮಾಮಾ, ನಿನ್ನೆ ನಸಿಕಿನ್ಯಾಗ ಕರೆಂಟ್ ಹೋಗ್ಯದ, ಬಂದೇ ಇಲ್ಲ. ಹೊರಗ ಮೈನಸ್ ಹತ್ತೊಂಬತ್ತು. ಈಗ ನೋಡಿದ್ರ ನಳದಾಗ ನೀರೂ ಬರವಲ್ದು."

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ಸಪ್ಲೈ ಬಂದ್ ಆಗಿರ್ತದ ತಗೋ. ಮೊದಲ ಎಲ್ಲಾ ನಳ ಗಟ್ಟಿ ಬಂದ್ ಮಾಡು. ಇಲ್ಲಂದ್ರ ರಾತ್ರಿ ಯಾವಾಗೋ ನೀರು ಬಂದು ಮನಿ ತುಂಬ್ತದ" ಅಂದೆ.

ನಮ್ಮೂರಿನವರು ಯಾರಾದರೂ ಇದನ್ನೇ ಹೇಳುತ್ತಿದ್ದರು. ನಳಕ್ಕೆ ದಿನ ಬಿಟ್ಟು ದಿನ, ಕೆಲವು ಸಲ ಅದಕ್ಕಿಂತ ತಡವಾಗಿ ನೀರು ಬರೋ ಊರಲ್ಲಿ ಬೆಳೆದವರಿಗೆ ಇದು ರಕ್ತದಲ್ಲಿ ಇರುತ್ತದೆ. ನೀರು ಬರದಿದ್ದರೆ ತೋಟಿ ತಿರುಗಿಸಿ ಮುಚ್ಚು. ಒಮ್ಮೆ ನಮ್ಮ ಓಣಿಯವರು ಒಬ್ಬರು ತೋಟಿ ತೆರೆದಿಟ್ಟು ಲಗ್ನಕ್ಕೆ ಹೋಗಿ, ವಾಪಸ್ ಬರುವಷ್ಟರಲ್ಲಿ ಜೋಳದ ಚೀಲಗಳು ಅಡುಗೆಮನೆಯಲ್ಲೇ ಮೊಳಕೆ ಒಡೆದಿದ್ದವು.

ಅವಳು ಪಾಪ, ಪೈಪ್ ಅಂಗಡಿ ಮಾಮಾ ಹೇಳಿದ್ದಾರೆ ಅಂತ ಮನೆಯ ಎಲ್ಲ ತೋಟಿಗಳನ್ನೂ ಬಿಗಿಯಾಗಿ ಮುಚ್ಚಿದಳು.

ಗುರುವಾರ ಕರೆಂಟ್ ಬಂತು, ಹೀಟರ್ ಶುರುವಾಯಿತು. ಶುಕ್ರವಾರ ಬಿಸಿಲೂ ಬಿತ್ತು. ಎಲ್ಲರೂ ಉಸಿರು ಬಿಟ್ಟರು. ಮಧ್ಯಾಹ್ನ ಅಡುಗೆಮನೆಯ ಛತ್ತಿನಲ್ಲಿ ಮೊದಲು ತಟ್ಟೆಯಷ್ಟು ಕಂದು ಕಲೆ ಕಂಡಿತು, ಸ್ವಲ್ಪ ಹೊತ್ತಿಗೆ ಛತ್ತು ಬಸುರಿ ಹೊಟ್ಟೆಯ ಹಾಗೆ ಉಬ್ಬಿತು, ಆಮೇಲೆ ಇಡೀ ಹಲಗೆ ಒದ್ದೆಯಾಗಿ ಹಿಟ್ಟಿನಂತೆ ಕುಸಿದು ಒಲೆಯ ಮೇಲೆ ಬಿತ್ತು. ಅಲ್ಲಿಯ ಮನೆಗಳ ಛತ್ತು ನಮ್ಮ ಹಾಗೆ ಕಾಂಕ್ರೀಟ್ ಅಲ್ಲ, ಕಟ್ಟಿಗೆ ಚೌಕಟ್ಟಿಗೆ ಜಿಪ್ಸಮ್ ಹಲಗೆ ಬಡಿದಿರುತ್ತಾರೆ. ಅದರ ಮೇಲಿನ ಅಟ್ಟದಲ್ಲಿ ಪೈಪ್ ಸೀಳಿತ್ತು. ಮಗು ಆ ಹೊತ್ತಿಗೆ ಬೇರೆ ಕೋಣೆಯಲ್ಲಿ ಮಲಗಿತ್ತು, ಅದನ್ನು ನೆನೆದರೆ ಈಗಲೂ ನನ್ನ ಕೈ ತಣ್ಣಗಾಗುತ್ತದೆ.

ಅದಕ್ಕಿಂತ ಕಷ್ಟದ ಭಾಗ ಏನು ಗೊತ್ತಾ? ಮೇನ್ ವಾಲ್ವ್ ಎಲ್ಲಿದೆ ಅನ್ನೋದು ಇಬ್ಬರಿಗೂ ಗೊತ್ತಿರಲಿಲ್ಲ! ಎರಡು ವರ್ಷದಿಂದ ಆ ಮನೆಯಲ್ಲಿದ್ದರು. ನೀರು ಸುರಿಯುತ್ತಿದೆ, ಅಳಿಯ ಸಿಂಕಿನ ಕೆಳಗೆ, ಗ್ಯಾರೇಜಿನಲ್ಲಿ, ಗೀಸರ್ ಹಿಂದೆ ಹುಡುಕುತ್ತಿದ್ದಾನೆ. ಕೊನೆಗೆ ಪಕ್ಕದ ಮನೆಯ ಅಜ್ಜ ಒಂದು ಉದ್ದನೆಯ ಕಬ್ಬಿಣದ ಕೀಲಿ ಹಿಡಿದು ಬಂದು, ರಸ್ತೆ ಬದಿಯಲ್ಲಿ ಹುಲ್ಲಿನೊಳಗೆ ಹುದುಗಿದ್ದ ಮೀಟರ್ ಪೆಟ್ಟಿಗೆಯ ಮುಚ್ಚಳ ತೆಗೆದು ತಿರುಗಿಸಿದ ಮೇಲೆ ನೀರು ನಿಂತಿತು. ಅಷ್ಟರಲ್ಲಿ ನಲವತ್ತು ನಿಮಿಷ ಆಗಿತ್ತು. ನಲವತ್ತು ನಿಮಿಷ ಪೂರ್ತಿ ಪ್ರೆಷರ್‌ನಲ್ಲಿ. ನಮ್ಮಲ್ಲಾದರೆ ಅಷ್ಟು ಹೊತ್ತು ಅಂಥ ಪ್ರೆಷರ್ ಬಂದರೆ ಓಣಿಯವರೆಲ್ಲ ವಾಲ್ವ್ ಬಿಡೋನಿಗೆ ಪೇಢೆ ಕೊಡುತ್ತಾರೆ.

ಆ ವಾರ ಟೆಕ್ಸಸ್‌ನಲ್ಲಿ ನಲವತ್ತೈದು ಲಕ್ಷಕ್ಕೂ ಜಾಸ್ತಿ ಮನೆ, ಅಂಗಡಿಗಳಿಗೆ ಕರೆಂಟ್ ಇರಲಿಲ್ಲ. ಇನ್ನೂರಕ್ಕೂ ಜಾಸ್ತಿ ಜನ ಸತ್ತರು. ಅದರ ಮುಂದೆ ನಮ್ಮ ಮನೆಯ ಛತ್ತು ದೊಡ್ಡದಲ್ಲ.

ಶನಿವಾರ ಅಣ್ಣನಿಗೆ ಫೋನ್ ಮಾಡಿ ಹೀಗೀಗೆ ಆಯ್ತು ಅಂದೆ. ಅಣ್ಣ ಮಿಲ್ಟ್ರಿಯಲ್ಲಿದ್ದವನು, ಲೇಹ್‌ನಲ್ಲಿ ಎರಡು ಚಳಿಗಾಲ ಕಳೆದವನು, ಈಗ ಸಿಂದಗಿ ಕಡೆ ಹೊಲ ನೋಡಿಕೊಂಡಿದ್ದಾನೆ. ನಾನು ಕತೆ ಮುಗಿಸುವವರೆಗೂ ಸುಮ್ಮನಿದ್ದ. ಆಮೇಲೆ "ನಳ ಬಂದ್ ಮಾಡು ಅಂತ ಹೇಳಿದವರು ಯಾರು?" ಅಂದ. ನಾನೇ ಅಂದೆ. "ಪೈಪ್ ಮಾರಾಂವ ನೀನು!" ಅಂದ. ಅಷ್ಟೇ. ಅದರಲ್ಲಿ ಎಲ್ಲ ಬೈಗುಳವೂ ಇತ್ತು.

ಲೇಹ್ ಊರಲ್ಲಿ ಚಳಿ ಬಲಿತ ಮೇಲೆ ಪೈಪಿನಲ್ಲಿ ನೀರು ಬಿಡೋದನ್ನೇ ಆಗ ನಿಲ್ಲಿಸುತ್ತಿದ್ದರಂತೆ, ಟ್ಯಾಂಕರ್ ಮತ್ತು ಕೈ ಪಂಪಿನ ನೀರೇ ಗತಿಯಾಗಿತ್ತಂತೆ. ಇವರ ಬ್ಯಾರಕ್ಕಿನಲ್ಲಿ ಲೈನ್ ಇದ್ದ ಕಡೆ ಸಂಜೆಯಾದರೆ ಒಬ್ಬನಿಗೆ ಡ್ಯೂಟಿ: ವಾಲ್ವ್ ಮುಚ್ಚು, ಎಲ್ಲ ತೋಟಿ ತೆರೆ, ಪೈಪ್ ಪೂರ್ತಿ ಖಾಲಿ ಆಗುವವರೆಗೆ ನಿಲ್ಲು, ತೋಟಿ ತೆರೆದೇ ಇರಲಿ, ಮಲಗು. ಖಾಲಿ ಪೈಪಿನಲ್ಲಿ ಗಟ್ಟಿಯಾಗೋಕೆ ಏನಿದೆ? "ನೀರು ತುಂಬಿದ ಪೈಪಿಗೆ ಎರಡೂ ಕಡೆ ಬಾಯಿ ಕಟ್ಟಬಾರದು, ಅದು ಬಾಂಬ್ ಇದ್ದಂಗ" ಅಂದ.

ಆ ಮಾತು ತಲೆಯಲ್ಲಿ ಉಳಿಯಿತು. ರಾತ್ರಿ ಊಟಕ್ಕೆ ಕೂತಾಗ ತುಪ್ಪದ ಡಬ್ಬಿ ತೆಗೆದೆ. ಗಟ್ಟಿಯಾದ ತುಪ್ಪ ಯಾವಾಗಾದರೂ ಗಮನಿಸಿದ್ದೀರಾ, ನಡುವೆ ಸಣ್ಣ ತಗ್ಗು ಬಿದ್ದಿರುತ್ತದೆ. ಕೊಬ್ಬರಿ ಎಣ್ಣೆಯೂ ಹಾಗೇ. ಗಟ್ಟಿಯಾದಾಗ ಕುಗ್ಗುತ್ತದೆ. ಹೆಚ್ಚಿನ ವಸ್ತುಗಳ ಸ್ವಭಾವ ಅದು, ಹಾಗಾಗಿ ಎಣ್ಣೆ ಬಾಟಲಿ ಚಳಿಗೆ ಸೀಳುವುದಿಲ್ಲ. ಈಗ ಫ್ರಿಜ್ಜಿನ ಐಸ್ ಟ್ರೇ ನೋಡಿ. ಪ್ರತಿ ಗುಳಿಯಲ್ಲೂ ನಡುವೆ ಸಣ್ಣ ಉಬ್ಬು ಎದ್ದಿರುತ್ತದೆ. ನೀರು ಉಲ್ಟಾ. ನಾಲ್ಕು ಡಿಗ್ರಿವರೆಗೆ ತಣ್ಣಗಾಗುತ್ತ ಕುಗ್ಗುತ್ತದೆ, ಅಲ್ಲಿಂದ ಕೆಳಗೆ ಹಿಗ್ಗೋಕೆ ಶುರು ಮಾಡುತ್ತದೆ, ಐಸ್ ಆದಾಗ ಸುಮಾರು ನೂರಕ್ಕೆ ಒಂಬತ್ತು ಪಾಲು ಜಾಸ್ತಿ ಜಾಗ ಕೇಳುತ್ತದೆ. ಹನ್ನೊಂದು ಲೋಟ ನೀರು ಐಸ್ ಆದರೆ ಹನ್ನೆರಡು ಲೋಟದ ಜಾಗ ಬೇಕು ಅಂದುಕೊಳ್ಳಿ.

ಇಲ್ಲಿ ನಾನು ಇನ್ನೊಂದು ತಪ್ಪು ತಿಳಿದಿದ್ದೆ. ಐಸ್ ಹಿಗ್ಗಿ ಪೈಪಿನ ಗೋಡೆಯನ್ನು ಒತ್ತಿ ಅಲ್ಲೇ ಸೀಳುತ್ತದೆ ಅಂತ. ಎಷ್ಟೋ ಸಲ ಹಾಗೆ ಆಗುವುದಿಲ್ಲ. ಪೈಪಿನ ಯಾವುದೋ ಒಂದು ಕಡೆ, ಗಾಳಿ ಬಡಿಯುವ ಜಾಗದಲ್ಲಿ, ಮೊದಲು ಐಸಿನ ಬಿರಡೆ ಕೂರುತ್ತದೆ. ಆ ಬಿರಡೆ ಉದ್ದಕ್ಕೆ ಬೆಳೆಯುತ್ತದೆ. ಮೀಟರ್ ಕಡೆಯ ನೀರು ಹಿಂದಕ್ಕೆ ಸರಿದು ಜಾಗ ಕೊಡುತ್ತದೆ, ಆದರೆ ತೋಟಿ ಕಡೆಯ ನೀರು ಎಲ್ಲಿಗೆ ಹೋಗಬೇಕು? ಒಂದು ಕಡೆ ಐಸ್, ಇನ್ನೊಂದು ಕಡೆ ಬಿಗಿಯಾಗಿ ಮುಚ್ಚಿದ ತೋಟಿ. ನಡುವೆ ಸಿಕ್ಕ ನೀರಿನ ಪ್ರೆಷರ್ ಏರುತ್ತ ಏರುತ್ತ ಪೈಪಿನ ಶಕ್ತಿ ಮೀರಿದಾಗ ಅದು ಸೀಳುತ್ತದೆ. ಸೀಳಿದ ಜಾಗದಲ್ಲಿ ಐಸ್ ಇರಲೇಬೇಕು ಅಂತಿಲ್ಲ. ಮತ್ತೆ ಸೀಳಿದ ತಕ್ಷಣ ಗೊತ್ತಾಗುವುದೂ ಇಲ್ಲ, ಯಾಕೆಂದರೆ ಬಿರಡೆ ಇನ್ನೂ ಕೂತಿರುತ್ತದೆ. ಬಿಸಿಲು ಬಿದ್ದು ಬಿರಡೆ ಕರಗಿದಾಗ ನೀರು ಹೊರಬರುತ್ತದೆ. ಅಕ್ಕನ ಮಗಳ ಮನೆಯಲ್ಲಿ ಮಂಗಳವಾರದ ಚಳಿಗೆ ಸೀಳಿದ ಪೈಪ್ ಶುಕ್ರವಾರ ಕಾಣಿಸಿಕೊಂಡದ್ದು ಹೀಗೆ.

ತೋಟಿ ತೆರೆದಿಟ್ಟಿದ್ದರೆ ಒಡೆಯುತ್ತಲೇ ಇರಲಿಲ್ಲ ಅಂತ ಎದೆ ತಟ್ಟಿ ಹೇಳಲಾರೆ. ಆದರೆ ಆ ನೀರಿಗೆ ಹೋಗೋಕೆ ಒಂದು ದಾರಿ ಇರುತ್ತಿತ್ತು. ಅದನ್ನು ಮುಚ್ಚಿಸಿದವನು ನಾನು.

ಇದೆಲ್ಲ ಅರ್ಥವಾದ ಮೇಲೆ ನನಗೆ ಜಾಸ್ತಿ ನಾಚಿಕೆ ಆದದ್ದು ಬೇರೆ ಕಾರಣಕ್ಕೆ. ನಾನು ದಿನಾ ಅಂಗಡಿಗೆ ಹೋಗುವ ಊರಿನಲ್ಲೇ ಈ ಪಾಠ ಕಲ್ಲಿನಲ್ಲಿ ನಿಂತಿದೆ. ನಮ್ಮ ಊರ ದಕ್ಷಿಣಕ್ಕೆ ಬೇಗಂ ತಲಾಬ್ ಇದೆ ಅಲ್ವಾ, 1651ರಲ್ಲಿ ಮಹಮ್ಮದ್ ಆದಿಲ್ ಶಾಹ ಕಟ್ಟಿಸಿದ್ದು. ಅಲ್ಲಿಂದ ಊರೊಳಗೆ ನೀರು ತರೋಕೆ ಮಣ್ಣಿನ ಕೊಳವೆಗಳನ್ನು ಹೂತು ಸುತ್ತ ಗಾರೆ ಕಟ್ಟಿದ್ದರು. ಸುಟ್ಟ ಮಣ್ಣಿನ ಕೊಳವೆ, ಅದಕ್ಕೆಷ್ಟು ತಾಕತ್ತು ಇರುತ್ತದೆ? ಪ್ರೆಷರ್ ಏರಿದರೆ ಒಡೆಯುತ್ತದೆ. ಅದಕ್ಕೇ ದಾರಿಯುದ್ದಕ್ಕೂ ಇಪ್ಪತ್ತೈದು, ನಲವತ್ತು ಅಡಿ ಎತ್ತರದ ನೀರಿನ ಗೋಪುರ ನಿಲ್ಲಿಸಿದರು, ಗಂಜ್ ಅಂತಾರೆ. ನೀರು ಗೋಪುರದೊಳಗೆ ಏರಿ ಜೋರು ಕಳೆದುಕೊಳ್ಳುತ್ತದೆ, ಕೆಸರು ತಳಕ್ಕೆ ಕೂರುತ್ತದೆ, ಕೊಳವೆ ಉಳಿಯುತ್ತದೆ. ನೀರಿಗೆ ಉಸಿರಾಡೋಕೆ ಬಿಟ್ಟ ಜಾಗ. ಟೂರಿಸ್ಟುಗಳು ಗೋಲಗುಮ್ಮಟದಲ್ಲಿ ಏಳು ಸಲ ಕೂಗಿ ಹೋಗುತ್ತಾರೆ, ಗಂಜ್ ನೋಡೋಕೆ ಯಾರೂ ಬರಲ್ಲ. ನಾನೂ ಎಷ್ಟೋ ವರ್ಷ ಅದರ ನೆರಳಿನಲ್ಲಿ ಗಾಡಿ ನಿಲ್ಲಿಸಿ ಕಬ್ಬಿನ ಹಾಲು ಕುಡಿದಿದ್ದೇನೆ ಅಷ್ಟೇ. ಚಳಿ ದೇಶದಲ್ಲಿ ರಾತ್ರಿ ಸಣ್ಣಗೆ ಬಿಟ್ಟ ತೋಟಿ ಮಾಡುವ ಕೆಲಸವೂ ಅದೇ ಜಾತಿಯದು. ಹರಿಯುವ ನೀರು ಬೇಗ ಐಸ್ ಆಗಲ್ಲ ಅನ್ನೋದು ಅರ್ಧ ಕಾರಣ. ಪ್ರೆಷರ್‌ಗೆ ಬಾಗಿಲು ತೆರೆದಿರುತ್ತದೆ ಅನ್ನೋದು ಇನ್ನರ್ಧ, ದೊಡ್ಡ ಅರ್ಧ.

ರಿಪೇರಿ ಕತೆ ಬೇಗ ಹೇಳಿಬಿಡ್ತೀನಿ. ಪ್ಲಂಬರ್ ಸಿಗಲಿಲ್ಲ. ಬೇರೆ ರಾಜ್ಯಗಳಿಂದ ಪ್ಲಂಬರ್‌ಗಳು ಟೆಕ್ಸಸ್‌ಗೆ ಬಂದರೂ ಸಾಲದೇ ಹೋದ ಕಾಲ ಅದು. ಒಬ್ಬ ಫೋನಿನಲ್ಲೇ ಒಪ್ಪಿಕೊಂಡು ಮುಂಗಡ ತಗೊಂಡು ಬರಲೇ ಇಲ್ಲ. ಕೊನೆಗೆ ನಾನೇ ವಿಡಿಯೋ ಕಾಲ್‌ನಲ್ಲಿ ಅಳಿಯನನ್ನು ಅಟ್ಟ ಹತ್ತಿಸಿ, ಸೀಳಿದ ತುಂಡು ಎರಡೂ ಕಡೆ ಚೊಕ್ಕ ಜಾಗದವರೆಗೆ ಕತ್ತರಿಸೋಕೆ ಹೇಳಿ, ತುದಿ ಒರೆಸಿ ಒಣಗಿಸಿ, ಒತ್ತಿದರೆ ಕಚ್ಚಿಕೊಳ್ಳುವ ಕಪ್ಲಿಂಗ್ ಎರಡು ಹಾಕಿಸಿದೆ. ಸಾಫ್ಟ್‌ವೇರ್ ಹುಡುಗ, ಹ್ಯಾಕ್ಸಾ ಬ್ಲೇಡ್ ಉಲ್ಟಾ ಹಾಕಿಕೊಂಡಿದ್ದ. ಆದರೂ ಜಾಯಿಂಟ್ ಸೋರಲಿಲ್ಲ. ಆ ದಿನ ಮಾತ್ರ ಮಾಮಾ ಪಾಸಾದ.

ಮುಂದೆ 2023ರ ಡಿಸೆಂಬರ್‌ನಲ್ಲಿ ಅಕ್ಕನನ್ನು ಕರೆದುಕೊಂಡು ನಾನೇ ಡಲ್ಲಾಸ್‌ಗೆ ಹೋದೆ. ಅಕ್ಕನ ಬ್ಯಾಗಿನ ತುಂಬ ಶೇಂಗಾ ಹಿಂಡಿ, ಸಜ್ಜಿ ರೊಟ್ಟಿ, ಒಂದು ಕೌದಿ. ನನ್ನ ಬ್ಯಾಗಿನಲ್ಲಿ ಟೆಫ್ಲಾನ್ ಟೇಪು ಹತ್ತು ರೋಲು. ಎಲ್ಲಿಗೆ ಹೋದರೂ ತಗೊಂಡು ಹೋಗ್ತೀನಿ, ಚಟ.

ಅಟ್ಟ ಹತ್ತಿ ನೋಡಿದ ಮೇಲೆ ಆ ಮನೆಯ ದೋಷ ತಿಳಿಯಿತು. ಮನೆ ಕಟ್ಟಿದವರ ಮನಸ್ಸಿನಲ್ಲಿ ಇದ್ದದ್ದು ಸೆಖೆ ಒಂದೇ. ಪೈಪೆಲ್ಲ ಅಟ್ಟದಲ್ಲಿ, ಹೊರಗೋಡೆಯಲ್ಲಿ. ಉತ್ತರದ ಹಿಮದ ರಾಜ್ಯಗಳಲ್ಲಿ ಪೈಪನ್ನು ಒಳಗೋಡೆಗಳಲ್ಲಿ, ನೆಲಮಾಳಿಗೆಯಲ್ಲಿ ಒಯ್ಯುತ್ತಾರೆ, ಬೀದಿಯ ಲೈನನ್ನು ಹಿಮ ಇಳಿಯುವ ಆಳಕ್ಕಿಂತ ಕೆಳಗೆ ಹೂಳುತ್ತಾರೆ. ಅಲ್ಲಿ ಚಳಿ ಜಾಸ್ತಿ, ಹೆದರಿಕೆ ಕಡಿಮೆ. ಬಿಸಿ ಊರಿನ ಮನೆಗೆ ಅಪರೂಪಕ್ಕೆ ಬರುವ ಚಳಿಯೇ ಕೇಡು. ನಮ್ಮಲ್ಲಿ ಒಂದು ಸಲ ಡೋಣಿ ಹೊಳೆ ಉಕ್ಕಿದರೆ ಆಗುವ ಗೋಳಿನ ಹಾಗೆ, ರೂಢಿ ಇಲ್ಲದ್ದು ಬಂದಾಗಲೇ ಕಷ್ಟ.

ಎಷ್ಟು ಚಳಿಗೆ ಹುಷಾರಾಗಬೇಕು ಅಂತ ಅಳಿಯ ಕೇಳಿದ. ಸೊನ್ನೆಗೇ ಪೈಪ್ ಒಡೆಯುವುದಿಲ್ಲ, ಮನೆಯ ಬಿಸಿ ಸ್ವಲ್ಪ ಕಾಯುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಇಂಥದ್ದೇ ತಣ್ಣನೆಯ ಅಟ್ಟದಲ್ಲಿ ಪೈಪ್ ಇಟ್ಟು ಪರೀಕ್ಷೆ ಮಾಡಿದ್ದರು. ಏನೂ ಸುತ್ತದ ಪೈಪಿಗೆ ಹೊರಗಿನ ಹವೆ ಸುಮಾರು ಮೈನಸ್ ಏಳಕ್ಕೆ ಇಳಿದರೆ ಎಚ್ಚರದ ಗಂಟೆ ಅಂತ ಅವರ ಲೆಕ್ಕ, ಅವರ ಅಳತೆಯಲ್ಲಿ ಇಪ್ಪತ್ತು ಫ್ಯಾರನ್‌ಹೀಟ್. ಆದರೆ ಗೋಡೆಯಲ್ಲಿ ತೂತಿದ್ದು ಗಾಳಿ ನೇರ ಪೈಪಿಗೆ ಬಡಿದರೆ ಅಷ್ಟು ಚಳಿ ಬೇಕಾಗಲ್ಲ. ಹಾಗಾಗಿ ನಾವು ಮೊದಲು ಮಾಡಿದ್ದು ತೂತು ಮುಚ್ಚೋ ಕೆಲಸ. ಕೇಬಲ್ ಒಳಗೆ ಬರುವ ಜಾಗ, ಗ್ಯಾಸ್ ಪೈಪಿನ ಸುತ್ತ, ಸಿಂಕಿನ ಹಿಂದೆ. ಡಬ್ಬಿ ಒತ್ತಿದರೆ ನೊರೆ ಬಂದು ಉಬ್ಬಿ ಗಟ್ಟಿಯಾಗುವ ಫೋಮ್ ಸಿಗುತ್ತದೆ, ಅದರಲ್ಲಿ ತುಂಬಿದೆವು. ಅದಕ್ಕೆ ಖರ್ಚು ಕಡಿಮೆ, ಗುಣ ಜಾಸ್ತಿ. ಜನ ಮಾತ್ರ ದುಬಾರಿ ಸಾಮಾನು ಕೊಳ್ಳೋಕೆ ಓಡ್ತಾರೆ, ನನ್ನ ಅಂಗಡಿಗೆ ಬರೋರೂ ಹಾಗೇ.

ಆಮೇಲೆ ಪೈಪಿಗೆ ಅಂಗಿ. ಉದ್ದಕ್ಕೆ ಸೀಳಿರುವ ಕಪ್ಪು ಫೋಮ್ ಕೊಳವೆ, ಪೈಪಿನ ಮೇಲೆ ಸರಕ್ ಅಂತ ಕೂರಿಸಿ ಸಂದಿಗೆ ಟೇಪ್ ಸುತ್ತುವುದು. ನೇರ ಪೈಪ್ ಯಾರು ಬೇಕಾದರೂ ಮುಚ್ಚುತ್ತಾರೆ, ಎಲ್ಬೋ, ಟೀ, ವಾಲ್ವ್ ಬಂದಲ್ಲಿ ಬಿಟ್ಟುಬಿಡುತ್ತಾರೆ. ಚಳಿ ನುಗ್ಗೋದು ಆ ಬೆತ್ತಲೆ ಜಾಗದಲ್ಲೇ. ಮೂಲೆಯನ್ನು ನಲವತ್ತೈದು ಡಿಗ್ರಿಗೆ ಕತ್ತರಿಸಿ ಸೇರಿಸಬೇಕು, ಚೌಕಟ್ಟು ಮಾಡೋ ಬಡಿಗೇರ ಮಾಡಿದ ಹಾಗೆ. ಇನ್ನೊಂದು ಮಾತು. ಅಟ್ಟದಲ್ಲಿ ಹಾಸುವ ಹತ್ತಿಯಂಥ ಹಾಸನ್ನು ಪೈಪಿನ ಮೇಲೆ ಹೊದಿಸಬೇಕು, ಪೈಪಿನ ಕೆಳಗೆ ತುರುಕಬಾರದು. ಕೆಳಗೆ ತುರುಕಿದರೆ ಮನೆಯ ಬಿಸಿ ಪೈಪಿಗೆ ಮುಟ್ಟೋದೇ ಇಲ್ಲ. ಅವರ ಮನೆಯಲ್ಲಿ ಒಂದು ಕಡೆ ಹೀಗೇ ಕೆಳಗೆ ಹಾಸಿದ್ದರು, ಪೈಪ್ ಒಡೆದದ್ದೂ ಅದೇ ಕಡೆ. ನೋಡಿದ ಮೇಲೆ ನನ್ನ ಪಾಪದ ಭಾರ ಸ್ವಲ್ಪ ಇಳಿಯಿತು ಅಂತ ಹೇಳಿದರೆ ತಪ್ಪಾಗಲ್ಲ.

ಈ ಅಂಗಿ ಬಿಸಿ ಹುಟ್ಟಿಸುವುದಿಲ್ಲ ಅನ್ನೋದು ನೆನಪಿರಬೇಕು. ಇದ್ದ ಬಿಸಿ ನಿಧಾನ ಹೋಗುವ ಹಾಗೆ ಮಾಡುತ್ತದೆ, ಅಷ್ಟೇ. ಕೌದಿ ಹೊದ್ದ ಮನುಷ್ಯ ಬೆಚ್ಚಗಿರುತ್ತಾನೆ, ಕೌದಿ ಹೊದಿಸಿದ ಕಲ್ಲು ಬೆಚ್ಚಗಾಗುತ್ತದೆಯೇ? ನಿಂತ ನೀರು ದಿನಗಟ್ಟಲೆ ಚಳಿಯಲ್ಲಿದ್ದರೆ ಎಷ್ಟು ಸುತ್ತಿದರೂ ಕಡೆಗೆ ಐಸ್ ಆಗುತ್ತದೆ. ಪೈಪಿಗೆ ಸುತ್ತುವ ಬಿಸಿ ವೈರೂ ಸಿಗುತ್ತದೆ, ಚಳಿ ಇಳಿದರೆ ತಾನೇ ಆನ್ ಆಗುವಂಥದ್ದು. ಒಳ್ಳೆಯದೇ, ಆದರೆ ಕಂಪನಿ ಹೇಳಿದ ಹಾಗೇ ಸುತ್ತಬೇಕು, ಒಂದರ ಮೇಲೊಂದು ಹಾಯಿಸಿದರೆ ಸುಟ್ಟು ಬೆಂಕಿ ಹತ್ತುವ ಭಯ ಇದೆ. ಅಲ್ಲದೆ 2021ರಂತೆ ಕರೆಂಟೇ ಹೋದರೆ ಅದು ಬರೀ ದಾರ.

ಹೊರಗಿನ ತೋಟಿ ಬಗ್ಗೆ ಅಕ್ಕನ ಜೊತೆ ಜಗಳವೇ ಆಯ್ತು. ಗಿಡಕ್ಕೆ ನೀರು ಬಿಡೋ ತೋಟಿಗೆ ವರ್ಷಪೂರ್ತಿ ರಬ್ಬರ್ ಪೈಪ್ ಸಿಕ್ಕಿಸಿಟ್ಟಿದ್ದರು. ಚಳಿಗೆ ಮುಂಚೆ ಅದನ್ನು ಬಿಚ್ಚಲೇಬೇಕು. ಅದರಲ್ಲಿ ನಿಂತ ನೀರು ಐಸ್ ಆಗಿ ತೋಟಿಯೊಳಗೆ, ಅಲ್ಲಿಂದ ಗೋಡೆಯೊಳಗೆ ಒತ್ತುತ್ತದೆ. ಚಳಿ ತಡೆಯೋ ತೋಟಿ ಅಂತಲೇ ಒಂದು ಬಗೆ ಇದೆ, ಮುಚ್ಚಿದ ಮೇಲೆ ಉಳಿದ ನೀರು ತಾನೇ ಹೊರಗೆ ಬಸಿದು ಹೋಗುತ್ತದೆ, ಆದರೆ ರಬ್ಬರ್ ಪೈಪ್ ಸಿಕ್ಕಿಸಿಟ್ಟರೆ ಅದೂ ಬಸಿಯಲ್ಲ, ಕೊಟ್ಟ ದುಡ್ಡು ದಂಡ. ಬಿಚ್ಚಿದೆವು. ಮೇಲೆ ಹಾಕೋ ಫೋಮ್ ಟೊಪ್ಪಿಗೆ ಅಂಗಡಿಯಲ್ಲಿ ಖಾಲಿಯಾಗಿತ್ತು, ಚಳಿ ಸುದ್ದಿ ಬಂದ ಕೂಡಲೇ ಜನ ಬಾಚಿಕೊಂಡು ಹೋಗಿದ್ದರು. ನಾನು ಅಕ್ಕನ ಕೌದಿ ತಂದು ನಾಲ್ಕು ಮಡಿಕೆ ಮಾಡಿ ತೋಟಿಗೆ ಸುತ್ತಿ ದಾರ ಕಟ್ಟಿದೆ. ಮೇಲೆ ಪ್ಲಾಸ್ಟಿಕ್ ಚೀಲ, ಯಾಕೆಂದರೆ ಒದ್ದೆಯಾದ ಬಟ್ಟೆ ಚಳಿ ತಡೆಯಲ್ಲ. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು.

"ನಾಕ್ ತಿಂಗಳ ಕೂತು ಹೊಲಿದೀನಿ, ಮೊಮ್ಮಗಗ ಅಂತ ತಂದೀನಿ, ನೀ ನಳಕ್ಕ ಹೊಚ್ಚಾಕತ್ತಿಯೇನೋ?"

ಮರುದಿನ ಅಳಿಯ ಬೇರೆ ಊರಿನ ಅಂಗಡಿಗೆ ಹೋಗಿ ಟೊಪ್ಪಿಗೆ ತಂದ ಮೇಲೆ ಕೌದಿ ಬಿಡುಗಡೆ ಆಯ್ತು.

ಆ ಸಲದ ಚಳಿ ಸರಿಯಾಗಿ ಸಂಕ್ರಮಣಕ್ಕೆ ಬಂತು, 2024ರ ಜನವರಿ 14, 15. ಇಲ್ಲಿ ಸಿದ್ಧೇಶ್ವರ ಜಾತ್ರೆ ಗದ್ದಲ, ಫೋನಿನಲ್ಲಿ ಮದ್ದು ಸುಡೋ ವಿಡಿಯೋ ಬರ್ತಾ ಇದೆ, ಅಲ್ಲಿ ಹೊರಗೆ ಹಗಲಲ್ಲೂ ಸೊನ್ನೆ ದಾಟುತ್ತಿಲ್ಲ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ತಿಂದು ಭೋಗಿ ಮುಗಿಸಿ ಸಂಜೆ ಎಲ್ಲರೂ ಕೆಲಸಕ್ಕೆ ನಿಂತೆವು. ಹೀಟರ್ ಹಗಲು ರಾತ್ರಿ ಒಂದೇ ಮಟ್ಟ. ರಾತ್ರಿ ಇಳಿಸಿ ಬಿಲ್ ಉಳಿಸೋಣ ಅನ್ನೋ ಬುದ್ಧಿ ಆ ಎರಡು ದಿನ ಬೇಡ, ಮನೆ ಬಿಟ್ಟು ಊರಿಗೆ ಹೋಗುವವರೂ ಹದಿಮೂರು ಡಿಗ್ರಿಗಿಂತ ಕೆಳಗೆ ಇಡಬಾರದು ಅಂತಾರೆ. ಸಿಂಕಿನ ಕೆಳಗಿನ ಕಪಾಟುಗಳ ಬಾಗಿಲು ತೆರೆದೆವು, ಮನೆಯ ಬಿಸಿ ಗಾಳಿ ಒಳಗಿನ ಪೈಪಿಗೆ ತಾಗಲಿ ಅಂತ. ಅಲ್ಲಿಟ್ಟಿದ್ದ ಫಿನಾಯಿಲ್ ಥರದ ಬಾಟಲಿಗಳನ್ನು ಮಗುವಿನ ಕೈಗೆ ಸಿಗದ ಹಾಗೆ ಎತ್ತಿಟ್ಟೆವು. ಗ್ಯಾರೇಜ್ ಬಾಗಿಲು ಮುಚ್ಚಿದೆವು. ಎರಡು ಬಕೆಟ್, ಒಂದು ಪಾತ್ರೆ ನೀರು ತುಂಬಿಟ್ಟೆವು.

ತೋಟಿ ಯಾವುದು ಬಿಡಬೇಕು ಅನ್ನೋದೂ ಲೆಕ್ಕ. ಮನೆಯೊಳಗೆ ನೀರು ಬರೋ ಜಾಗಕ್ಕೆ ಎಲ್ಲಕ್ಕಿಂತ ದೂರದ್ದು, ಮತ್ತೆ ಹೊರಗೋಡೆಗೆ ಅಂಟಿಕೊಂಡದ್ದು. ತಣ್ಣೀರು, ಬಿಸಿನೀರು ಎರಡೂ, ಯಾಕೆಂದರೆ ಬಿಸಿನೀರಿನ ಪೈಪಿನಲ್ಲಿ ರಾತ್ರಿ ನಿಂತದ್ದೂ ತಣ್ಣೀರೇ. ಒಂದೇ ಹಿಡಿಕೆ ಇದ್ದರೆ ನಡುವಿಗೆ ತಿರುಗಿಸಬೇಕು. ಧಾರೆ ಹುರಿ ದಾರದಷ್ಟಿದ್ದರೂ ಸಾಕು. ಆದರೆ ಇದಕ್ಕೂ ಒಂದು ಆದರೆ ಇದೆ. 2021ರಲ್ಲಿ ಹ್ಯೂಸ್ಟನ್ ಥರದ ಊರುಗಳಲ್ಲಿ ಎಲ್ಲರೂ ತೋಟಿ ಬಿಟ್ಟು, ಒಡೆದ ಪೈಪುಗಳೂ ಸುರಿದು, ಊರಿನ ಲೈನಿನಲ್ಲೇ ಪ್ರೆಷರ್ ಬಿದ್ದುಹೋಯ್ತು. ದಯವಿಟ್ಟು ತೋಟಿ ಬಿಡಬೇಡಿ ಅಂತ ಅಧಿಕಾರಿಗಳೇ ಹೇಳಬೇಕಾಯ್ತು. ಅಂಥ ಹೊತ್ತಿಗೆ, ಇಲ್ಲವೇ ಕರೆಂಟ್ ಹೋಗಿ ಮನೆ ತಣ್ಣಗಾದಾಗ, ನಮ್ಮಣ್ಣನ ಲೇಹ್ ಪದ್ಧತಿಯೇ ಸರಿ. ಮೇನ್ ವಾಲ್ವ್ ಮುಚ್ಚಿ, ಮೇಲಿನದು ಕೆಳಗಿನದು ಎಲ್ಲ ತೋಟಿ ತೆರೆದು, ಫ್ಲಶ್ ಎಳೆದು ಪೈಪ್ ಖಾಲಿ ಮಾಡೋದು. ಗೀಸರ್ ಟಾಕಿಯನ್ನೂ ಬಸಿಯುವುದಾದರೆ ಮೊದಲು ಅದರ ಗ್ಯಾಸೋ ಕರೆಂಟೋ ಆರಿಸಬೇಕು, ಖಾಲಿ ಟಾಕಿ ಕಾಯಿಸಿದರೆ ಅದರ ಕತೆ ಮುಗಿದ ಹಾಗೆ.

ಅಳಿಯನಿಗೆ ಆ ಮೀಟರ್ ಪೆಟ್ಟಿಗೆ ಕೀಲಿ ಕೊಡಿಸಿದೆ. ಗ್ಯಾರೇಜಿನ ಮೊಳೆಗೆ ನೇತುಹಾಕಿಸಿದೆ. ಅಕ್ಕನ ಮಗಳಿಂದ ಮೂರು ಸಲ ಮುಚ್ಚಿಸಿ ಮೂರು ಸಲ ತೆರೆಸಿದೆ. ಫೋಮು, ವೈರು, ಟೊಪ್ಪಿಗೆ ಯಾವುದನ್ನು ಬೇಕಾದರೂ ಬಿಡಿ, ಇದನ್ನು ಬಿಡಬೇಡಿ ಅಂದೆ. ಪೈಪ್ ಒಡೆಯೋದು ನಮ್ಮ ಕೈಯಲ್ಲಿ ಇರಲಿಕ್ಕಿಲ್ಲ, ನಲವತ್ತು ನಿಮಿಷ ಸುರಿಯೋದು ಕೈಯಲ್ಲಿದೆ.

ಅಕಸ್ಮಾತ್ ಐಸ್ ಕಟ್ಟಿಬಿಟ್ಟರೆ? ಮೊದಲು ಆ ತೋಟಿ ತೆರೆಯಿರಿ. (ನಾನು ಹೇಳಿದ್ದಕ್ಕೆ ಉಲ್ಟಾ.) ಕೂದಲು ಒಣಗಿಸೋ ಡ್ರೈಯರ್ ಹಿಡಿದು ತೋಟಿ ಕಡೆಯಿಂದ ಶುರು ಮಾಡಿ ಐಸ್ ಕಡೆಗೆ ಸರಿಯುತ್ತ ಹೋಗಬೇಕು, ಕರಗಿದ ನೀರಿಗೆ ಹೊರಗೆ ಬರೋಕೆ ದಾರಿ ಇರಲಿ ಅಂತ. ಬಿಸಿನೀರಲ್ಲಿ ಅದ್ದಿದ ಟವಲ್ ಸುತ್ತಿದರೂ ಆಗುತ್ತದೆ. ಕಾಶ್ಮೀರದಲ್ಲಿ ಕಬ್ಬಿಣದ ಪೈಪಿನ ಕೆಳಗೆ ಕಾಗದ ಹಚ್ಚಿ ಕರಗಿಸುವುದನ್ನು ಟಿವಿಯಲ್ಲಿ ನೋಡಿರ್ತೀರಿ. ಕಟ್ಟಿಗೆ ಮನೆ, ಪ್ಲಾಸ್ಟಿಕ್ ಪೈಪ್ ಇದ್ದಲ್ಲಿ ಆ ಸಾಹಸ ಬೇಡವೇ ಬೇಡ, ನೀರು ಬರುವ ಮೊದಲು ಅಗ್ನಿಶಾಮಕದವರು ಬರ್ತಾರೆ.

ಆ ಸಂಕ್ರಮಣದ ರಾತ್ರಿ ಕರೆಂಟ್ ಹೋಗಲಿಲ್ಲ. ಎಲ್ಲ ಸರಿಯಾಗಿಯೇ ಇತ್ತು. ನಿದ್ದೆ ಬಾರದೇ ಇದ್ದದ್ದು ನನಗೆ. ಬಚ್ಚಲಿನ ತೋಟಿ ತ್ರ್‌ರ್ ಅಂತ ಬಕೆಟ್ಟಿಗೆ ಬೀಳುತ್ತಾ ಇದೆ. ನಮ್ಮ ಅವ್ವ ಇದ್ದಾಗ ತೋಟಿ ಹನಿ ಹನಿ ಸೋರಿದರೂ "ಮನಿ ಲಕ್ಷ್ಮೀ ಹೊಂಟಾಳ" ಅಂತ ನಡುರಾತ್ರಿ ಎಬ್ಬಿಸುತ್ತಿದ್ದಳು. ಸೋರೋ ತೋಟಿಗೆ ವಾಷರ್ ಮಾರಿಯೇ ನಾನು ಅಂಗಡಿ ಬೆಳೆಸಿದ್ದು. ಹನ್ನೆರಡಕ್ಕೆ ಎದ್ದು ಬಚ್ಚಲ ಬಾಗಿಲವರೆಗೆ ಹೋದೆ, ಕೈ ತಾನಾಗಿಯೇ ಹಿಡಿಕೆ ಮೇಲೆ ಹೋಯ್ತು, ನೆನಪಾಗಿ ವಾಪಸ್ ಬಂದೆ. ಎರಡೂವರೆಗೆ ಮತ್ತೆ ಎದ್ದೆ. ಈ ಸಲ ಲೈಟ್ ಹಾಕಿದರೆ ಹಿಡಿಕೆಗೆ ಒಂದು ಚೀಟಿ ಅಂಟಿಸಿತ್ತು: "ಮಾಮಾ, ಮುಟ್ಟಬ್ಯಾಡ್ರಿ."

ಬೆಳಗ್ಗೆ ಹೊತ್ತಿಗೆ ಬಕೆಟ್ ತುಂಬಿ ಇನ್ನೊಂದು ಇಟ್ಟಿದ್ದರು. ಮೊದಲನೆಯದನ್ನು ಅಳಿಯ ಫ್ಲಶ್‌ಗೆ ಸುರಿದ. ಎರಡನೆಯದನ್ನು ಅಕ್ಕ ಮುಟ್ಟಗೊಡಲಿಲ್ಲ. ಮೇಲೆ ತಾಟು ಮುಚ್ಚಿ ಗೋಡೆಗೆ ಒತ್ತಿ ಇಟ್ಟಳು, ನಾಳೆ ನಳ ಬರ್ತದೋ ಇಲ್ಲೋ ಅಂತ.